ಎತ್ತಿನ ಹೊಟ್ಟೆಯೊಳಗಿನ ಮಣ್ಣು

ಲಖನೌ
18 ಆಗಸ್ಟ್ 2024

ಗಾಳೆಮ್ಮ ಅತ್ತೆಯವರಿಗೆ ಅಮೃತಾಳ ನಮಸ್ಕಾರಗಳು.

ಫೋನ್ ಮಾಡಿದ್ದೆ. ಗವಿಸಿದ್ದೇಶಣ್ಣ ಎತ್ತಿಕೊಂಡು, "ಅವ್ವಗ ಫೋನಿನ್ಯಾಗ ಏನೂ ಕೇಳಂಗಿಲ್ಲ, ಬರೇ ಗುಂಯ್ ಅಂತೈತಂತ. ಏನರ ಇದ್ರ ಬರದು ಹಾಕು, ಓದ್ತಾಳ" ಅಂದ. ಹಾಗಾಗಿ ಈ ಕಾಗದ. ಶಾಲೆಯಲ್ಲಿ ರಜೆ ಚೀಟಿ ಬರೆದ ಮೇಲೆ ನಾನು ಕನ್ನಡದಲ್ಲಿ ಒಂದು ಪುಟ ತುಂಬ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೇ ತಿಂಗಳಲ್ಲಿ ನಿಮ್ಮ ತಾವರಗೇರಾದ ಕೆರೆಯಲ್ಲಿ ಉದ್ದನೆಯ ಕಬ್ಬಿಣದ ಕೊಳವೆ ಇಳಿಸಿ ಮಣ್ಣು ತೆಗೆಯುತ್ತಿದ್ದೆವಲ್ಲ, ಬೋರ್ ಹಾಕಲು ಬಂದಿದ್ದಾರೆಂದು ಅರ್ಧ ಊರು ಬಂದು ನಿಂತಿತ್ತು. ಅಣ್ಣ ನನ್ನ ಹೆಸರು, ಊರು ಕೇಳಿ, ಸೋದರಮಾವನ ಮಗಳೆಂದು ತಿಳಿದ ಕೂಡಲೇ ಮನೆಗೆ ಕರೆತಂದ. ನೀವು ಮಜ್ಜಿಗೆ ಕೊಟ್ಟು ಯಾರ ಮಗಳು ಎಂದು ಕೇಳಿದಿರಿ. ಹಂಪಣ್ಣನ ಮಗಳು ಅಂದೆ. ನೀವು ಎದ್ದು ಒಳಗೆ ಹೋದಿರಿ. ಇನ್ನು ಎದ್ದು ಹೋಗುವುದೇ ಸರಿ ಅಂದುಕೊಳ್ಳುವಷ್ಟರಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಂದಿಟ್ಟಿರಿ. ಆ ಚಟ್ನಿಯ ರುಚಿ ಇನ್ನೂ ನಾಲಿಗೆಯ ಮೇಲಿದೆ.

ನಾನು ಮಾಡುವ ಕೆಲಸ ಇಷ್ಟೇ. ಪ್ರತಿ ಗಿಡದ ಹೂವಿಗೂ ಅದರದೇ ಪರಾಗ. ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಅದರ ಸಿಪ್ಪೆ ಎಷ್ಟು ಗಟ್ಟಿಯೆಂದರೆ ಕೆರೆಯ ಕೆಸರಿನಲ್ಲಿ ಸಾವಿರ ವರ್ಷ ಇದ್ದರೂ ಕೊಳೆಯುವುದಿಲ್ಲ. ಕೆಸರು ಪದರು ಪದರಾಗಿ ಕೂರುತ್ತದೆ. ಯಾವ ಪದರಲ್ಲಿ ಯಾವ ಪರಾಗ ಇದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಕಾಲಕ್ಕೆ ಅಲ್ಲಿ ಯಾವ ಗಿಡ ಇದ್ದವು, ಮಳೆ ಹೇಗಿತ್ತು ಎಂದು ಹೇಳಬಹುದು. ನನ್ನ ಕೊಳವೆಯಲ್ಲಿ ಹಳೆಯ ಕಾಲ ಸಿಕ್ಕಿದೆ, ಇತ್ತೀಚಿನದೇ ಇಲ್ಲ. ಬೇಸಿಗೆ ಬಂದರೆ ಸಾಕು, ನಿಮ್ಮೂರಿನವರು ಕೆರೆಯ ಹೂಳನ್ನು ಹೊಲಕ್ಕೆ ಹೊಡೆಯುತ್ತ ಬಂದಿದ್ದಾರೆ. ಗೊತ್ತಿರುವ ವರ್ಷಗಳ ಮಣ್ಣನ್ನು ಓದದೆ ಗೊತ್ತಿಲ್ಲದ ಕಾಲದ ಮಣ್ಣನ್ನು ಓದಲು ಆಗುವುದಿಲ್ಲ.

ಅವತ್ತು ನಿಮ್ಮ ಅಟ್ಟದ ಮೇಲೆ ಮಣ್ಣಿನ ಎತ್ತುಗಳ ಸಾಲು ನೋಡಿದೆ. ತೀರಿಹೋದ ವಿರುಪಣ್ಣ ಮಾವ ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ್ದಂತೆ. ಹೊಟ್ಟೆಯ ಮೇಲೆ ಮುಳ್ಳಿನಿಂದ ಇಸವಿ ಕೊರೆದದ್ದೂ ಇದೆ. ಅದೇ ಕೆರೆಯ ಮಣ್ಣು, ವರ್ಷದ ಗುರುತಿನ ಸಮೇತ! ಅತ್ತೆ, ಒಂದೊಂದು ಎತ್ತಿನ ಹೊಟ್ಟೆಯಿಂದ ಒಂದು ಚಮಚ ಮಣ್ಣು ತೆಗೆದುಕೊಳ್ಳಲು ಬಿಡುತ್ತೀರಾ?

ಇಂತಿ,
ಅಮೃತಾ


ತಾವರಗೇರಾ
9 ಸೆಪ್ಟೆಂಬರ್ 2024

ಅಮೃತಾಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದವನ್ನು ಬ್ಯಾಂಕಿನದು ಎಂದುಕೊಂಡು ಎರಡು ದಿನ ಟೀವಿಯ ಮೇಲೆ ಇಟ್ಟಿದ್ದೆ. ಅಕ್ಷರ ಪರವಾಗಿಲ್ಲ. ನಾನು ಅಂಗನವಾಡಿಯಲ್ಲಿ ಇದ್ದಾಗ ಇದಕ್ಕಿಂತ ಕೆಟ್ಟದ್ದನ್ನೂ ತಿದ್ದಿದ್ದೇನೆ.

ಅವತ್ತು ಒಳಗೆ ಹೋದದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ನಿನ್ನದು ನಮ್ಮಪ್ಪನ ಮೂಗು. ಅದನ್ನು ಅಷ್ಟು ವರ್ಷದ ಮೇಲೆ ಕಂಡು ಕಣ್ಣು ತುಂಬಿದವು. ಹಂಪಣ್ಣನ ಮಗಳ ಮುಂದೆ ಅಳುವವಳಲ್ಲ ನಾನು.

ನಿನ್ನ ಅಪ್ಪ ನಿನಗೆ ಹೇಳಿದ್ದಾನೋ ಇಲ್ಲವೋ. 1988ರ ಮಳೆಗಾಲದಲ್ಲಿ ನಮ್ಮಪ್ಪ ತೀರಿಕೊಂಡರು. ಹಳ್ಳ ಬಂದು ನಮ್ಮ ಬಸ್ಸು ದಾರಿಯಲ್ಲೇ ನಿಂತಿತು. ನಾನು ಬರುವವರೆಗೆ ಕಾಯಬೇಕೆಂದು ಹಂಪಣ್ಣನಿಗೆ ಮೊದಲೇ ಹೇಳಿ ಕಳಿಸಿದ್ದೆ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಬಂದು ಕೈಕಾಲು ತೊಳೆಯುತ್ತಿದ್ದರು. ಹಡೆದ ಮಗಳಿಗೆ ಅಪ್ಪನ ಮೇಲೆ ಒಂದು ಹಿಡಿ ಮಣ್ಣು ಹಾಕುವ ಹಕ್ಕು ಇರಲಿಲ್ಲವೇ? ಅಂಗಳದಲ್ಲೇ ನಿಂತು ನಿನ್ನ ಮಾವನಿಗೆ ಹೇಳಿದೆ: "ಇನ್ನ ಮ್ಯಾಲೆ ನಾನೂ ಈ ಊರಾಗ ಕಾಲಿಡಂಗಿಲ್ಲ, ನೀವೂ ಇಡಬ್ಯಾಡ್ರಿ. ಇಟ್ರ ನನ್ನ ಹೆಣ ನೋಡ್ತೀರಿ." ಅವರು ಹೂಂ ಅಂದರು. ತವರಿಗೆ ಹೋಗುವ ಸಿದ್ದಾಪುರದ ದಿಕ್ಕಿನ ಬಸ್ಸು ನಾನು ಹತ್ತಿದ್ದು ಅದೇ ಕೊನೆ.

ಇನ್ನು ಎತ್ತಿನ ಮಾತು. ಎಲ್ಲರೂ ಪೂಜೆ ಮಾಡಿ ನೀರಿಗೆ ಬಿಡುತ್ತಾರೆ. ನಿನ್ನ ಮಾವ ಸಾಕಿದ ಮೊದಲ ಎತ್ತು ಇದೇ ಕೆರೆಯಲ್ಲಿ ಮುಳುಗಿ ಸತ್ತಿತ್ತು, ಅದಕ್ಕೇ ಮಣ್ಣಿನ ಎತ್ತನ್ನೂ ನೀರಿಗೆ ಬಿಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಅಟ್ಟಕ್ಕೆ ಏರಿಸುತ್ತಿದ್ದರು. ನಾನು ಇಟ್ಟುಕೊಂಡಿರುವುದು ಪ್ರೀತಿಯಿಂದ ಎಂದು ತಿಳಿಯಬೇಡ. ಇಳಿಸಲು ಯಾರಿಗೂ ಪುರುಸೊತ್ತಿಲ್ಲ, ಅಷ್ಟೇ.

ಹೆಣ್ಣು ಹೆಣ್ಣಿಗೆ ಬರೆಯುತ್ತಿದ್ದೇನೆ, ನಿನ್ನಲ್ಲೇ ಇರಲಿ. ಮದುವೆಯಾಗಿ ಹತ್ತು ವರ್ಷ ಛಲೋ ಬಾಳಿದೆವು. ಆಮೇಲೆ ಈ ಮನುಷ್ಯ ವರ್ಷಕ್ಕೊಮ್ಮೆ, ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ, ಮೊದಲ ಬಸ್ಸಿಗೆ ಗಂಗಾವತಿಗೆ ಹೋಗುವುದು ಹಿಡಿದರು. ಯಾಕೆ ಅಂದರೆ "ಕೆಲಸ ಐತಿ." ಏನು ಕೆಲಸ ಅಂದರೆ ದನಕ್ಕೆ ಮೇವು ಹಾಕಲು ಏಳುತ್ತಿದ್ದರು. ಸಂಜೆ ಧೋತರದ ಅಂಚೆಲ್ಲ ಕೆಸರು ಮಾಡಿಕೊಂಡು ಬಂದು ಸೀದಾ ದನದ ಕೊಟ್ಟಿಗೆಗೆ ಹೋಗುತ್ತಿದ್ದರು. ಮರುದಿನ ನಾನು ಏಳುವಷ್ಟರಲ್ಲಿ ಬೇವಿನ ಗಿಡದ ಕೆಳಗೆ ಕೂತು ಎತ್ತಿನ ಮಣ್ಣು ನಾದುತ್ತಿರುತ್ತಿದ್ದರು, ಏನೂ ಆಗದವರ ಹಾಗೆ. ಓಣಿಯ ಹೆಂಗಸರು ಸುಮ್ಮನಿರುತ್ತಾರೆಯೇ? ಗಂಗಾವತಿಯಲ್ಲಿ ಒಬ್ಬಾಕಿ ಇದ್ದಾಳೆ ಎಂದು ನನ್ನ ಕಿವಿಗೆ ಬೀಳುವ ಹಾಗೆ ಅಂದರು. ಆಗ ಕಿವಿ ಚೆನ್ನಾಗಿ ಕೇಳುತ್ತಿತ್ತು ನೋಡು. ನಾನು ಎದುರು ನಿಂತು ಕೇಳಲಿಲ್ಲ. ಕೇಳಿದರೆ ಹೌದು ಅಂದುಬಿಟ್ಟಾರು ಎಂಬ ಹೆದರಿಕೆ.

2011ರಲ್ಲಿ ಹಾಸಿಗೆ ಹಿಡಿದರು. ಗವಿಸಿದ್ದ ನಮ್ಮ ಕೆರೆಯ ಮಣ್ಣು ತಂದುಕೊಟ್ಟ. ಹೊರಸಿನ ಮೇಲೆ ಕೂತೇ ಎತ್ತು ಮಾಡಿದರು. ಮಾಡಿ ಮುಗಿಸಿ ನನ್ನನ್ನು ಕರೆದು, "ಈ ವರ್ಷ ಗಂಗಾವತಿಗಿ ಹೋಗಾಕ ಆಗಲಿಲ್ಲ. ಬ್ಯಾಸರ ಮಾಡಿಕೋಬ್ಯಾಡ" ಅಂದರು. ಕೇಳು ಇದನ್ನು! ಅವರು ಹೋಗದಿದ್ದರೆ ನನಗೆ ಯಾಕೆ ಬೇಸರ? ಮೈ ಉರಿದುಹೋಯಿತು. ಉತ್ತರ ಕೊಡದೆ ಹೊರಗೆ ಹೋದೆ. ಶ್ರಾವಣದಲ್ಲಿ ಅವರು ತೀರಿಹೋದರು. ಗಂಗಾವತಿಯಲ್ಲಿ ಏನಿತ್ತು ಎಂದು ತಿಳಿಯದೆಯೇ ನಾನೂ ಒಂದು ದಿನ ಹೋಗುತ್ತೇನೆ.

ಅದಕ್ಕೇ ಹೇಳುತ್ತೇನೆ, ಚಮಚವಲ್ಲ, ಎಲ್ಲವನ್ನೂ ತೆಗೆದುಕೋ. ಕುಟ್ಟು, ಅರೆ, ಏನು ಬೇಕಾದರೂ ಮಾಡು. ಗವಿಸಿದ್ದನ ಕೈಯಲ್ಲಿ ಪಾರ್ಸಲ್ ಮಾಡಿಸುತ್ತೇನೆ. ಒಡೆಯದ ಹಾಗೆ ಸಜ್ಜೆಯ ಹೊಟ್ಟು ತುಂಬಿಸುತ್ತೇನೆ.

ಇಂತಿ ನಿನ್ನ ಅತ್ತೆ,
ಗಾಳೆಮ್ಮ


ಲಖನೌ
20 ನವೆಂಬರ್ 2024

ಪ್ರೀತಿಯ ಅತ್ತೆ,

ಎತ್ತುಗಳು ಬಂದವು. ಒಂದರ ಕೋಡು ಮಾತ್ರ ಮುರಿದಿದೆ. ಪೆಟ್ಟಿಗೆ ತೆರೆದಾಗ ಎದ್ದ ಸಜ್ಜೆಯ ಧೂಳು ನೋಡಿ ನನಗೆ ಪಿಎಚ್‌ಡಿ ಮಾಡಿಸುತ್ತಿರುವ ಸರ್ ಬಾಗಿಲಲ್ಲೇ ನಿಂತುಬಿಟ್ಟರು. ಪರಾಗ ಎಣಿಸುವ ಕೋಣೆಗೆ ಯಾರಾದರೂ ಹೊಟ್ಟು ಕಳಿಸುತ್ತಾರೆಯೇ ಅತ್ತೆ! ನಾನು ಹೊಟ್ಟೆಯ ಒಳಗಿನ ಮಣ್ಣನ್ನೇ ತೆಗೆಯುವುದರಿಂದ ಏನೂ ಕೆಡಲಿಲ್ಲ. ಆದರೆ ಆ ವಾಸನೆಗೆ ನನಗೆ ಊರಿನ ಕಣ ನೆನಪಾಗಿ, ಅವತ್ತು ಮಧ್ಯಾಹ್ನ ಕೆಲಸವೇ ಸಾಗಲಿಲ್ಲ.

ಕೆಳಗಿನಿಂದ ಒಂದು ಸಣ್ಣ ತೂತು ಮಾಡಿ ಚಮಚದಷ್ಟು ಮಣ್ಣು ತೆಗೆಯುತ್ತೇನೆ. ಅದನ್ನು ಆಮ್ಲದಲ್ಲಿ ಕರಗಿಸುತ್ತೇವೆ. ಮರಳು, ಜೇಡಿ ಎಲ್ಲ ಹೋಗಿ ಪರಾಗ ಉಳಿಯುತ್ತದೆ. ಅದಕ್ಕೆ ಗುಲಾಬಿ ಬಣ್ಣ ಹಾಕಿ ನೋಡುತ್ತೇವೆ. ಒಂದು ವರ್ಷದ ಎತ್ತಿನಲ್ಲಿ ಆ ಒಂದೇ ವರ್ಷದ ಪರಾಗ ಇರುತ್ತದೆ ಎಂದಲ್ಲ, ಹಿಂದಿನ ಕೆಲವು ವರ್ಷಗಳದ್ದೂ ಸೇರಿರುತ್ತದೆ. ಆದರೂ ಸಾಕು.

ನಿಮ್ಮ ಮದುವೆಯಾದ ಹೊಸದರ ಎತ್ತುಗಳು ಎಷ್ಟು ಮಾತಾಡುತ್ತವೆ ಗೊತ್ತೇ? ಬೇವು ಇದೆ, ಜಾಲಿ ಇದೆ. ಜೋಳ, ಸಜ್ಜೆ ಜಾತಿಯ ದೊಡ್ಡ ಪರಾಗ ಇದೆ. ಸಗಣಿಯ ಮೇಲೆ ಬೆಳೆಯುವ ಒಂದು ಬೂಸರಿನ ಬೀಜಕಣಗಳು ರಾಶಿ ಇವೆ. ಎಂದರೆ ಕೆರೆಗೆ ನೀರು ಕುಡಿಯಲು ಅಷ್ಟು ದನ ಬರುತ್ತಿದ್ದವು. ನನ್ನ ಕೊಳವೆಯ ಹಳೆಯ ಪದರಿನಲ್ಲೂ ಹೀಗೇ ಇದೆ, ನೂರಾರು ವರ್ಷ. ನೀವು ಸಂಜೆ ಕೆರೆಗೆ ಹೋದಾಗ ದನಗಳ ಧೂಳು ಏಳುತ್ತಿತ್ತೇ? ಬರೆದು ಕಳಿಸಿ.

ಮಾವನ ಹೆಬ್ಬೆರಳಿನ ಗುರುತು ಪ್ರತಿ ಎತ್ತಿನ ಹೆಗಲ ಮೇಲೆ ಉಬ್ಬಿದ ಇಣಿಯ ಮೇಲೂ ಇದೆ. ಅದನ್ನು ಮುಟ್ಟಿಲ್ಲ.

ನಿಮ್ಮ,
ಅಮೃತಾ


ಲಖನೌ
12 ಜನವರಿ 2025

ಅತ್ತೆ,

ಬೇಗ ಉತ್ತರ ಬೇಕು. 1989ರ ಎತ್ತಿನಿಂದ ಎಲ್ಲ ತಲೆಕೆಳಗಾಗಿದೆ. ವರ್ಷವಿಡೀ ನೀರು ನಿಂತಲ್ಲಿ ಬೆಳೆಯುವ ಜಂಬುಹುಲ್ಲಿನ ಪರಾಗ ಎಲ್ಲಿ ನೋಡಿದರಲ್ಲಿ ಇದೆ. ನಿಮ್ಮ ಕೆರೆ ಬೇಸಿಗೆಗೆ ಒಣಗುವ ಕೆರೆ. ಇನ್ನೊಂದು ಮರದ ಪರಾಗ ಇದೆ, ಅದನ್ನು ನಾನಿನ್ನೂ ಗುರುತಿಸಿಲ್ಲ. ತಾವರಗೇರಾದ ಕೊಳವೆಯಲ್ಲಿ ಅದು ಇಲ್ಲವೇ ಇಲ್ಲ.

ಇದು ಆ ಕೆರೆಯ ಮಣ್ಣೇ ಅಲ್ಲ, ಈ ಅಧ್ಯಾಯ ಕೈಬಿಡು ಎಂದು ಸರ್ ಹೇಳಿದರು. ಮೂರು ತಿಂಗಳ ಕೆಲಸ. ದಯವಿಟ್ಟು ನೆನಪು ಮಾಡಿಕೊಂಡು ಹೇಳಿ. 1989ರ ನಂತರದವು ಸಂತೆಯಲ್ಲಿ ಕೊಂಡು ತಂದ ಎತ್ತುಗಳೇ? ಮಾವ ಆಮೇಲೆ ತಾವೇ ಮಾಡುವುದನ್ನು ಬಿಟ್ಟಿದ್ದರೇ? ಗಂಗಾವತಿಗೆ ಹೋಗುತ್ತಿದ್ದರು ಅಂದಿರಲ್ಲ, ಅಲ್ಲಿಂದ ತರುತ್ತಿದ್ದರೇ?

ಅಮೃತಾ


ತಾವರಗೇರಾ
25 ಜನವರಿ 2025

ಅಮೃತಾ,

ಅವರು ಗಂಗಾವತಿಗೆ ಹೋಗಿರಬಹುದು. ಅಲ್ಲಿ ಯಾರ ಮನೆಗಾದರೂ ಹೋಗಿರಬಹುದು. ಅದು ನನ್ನ ಮತ್ತು ಅವರ ನಡುವಿನ ಜಗಳ. ಆದರೆ ಸಂತೆಯಲ್ಲಿ ಎತ್ತು ಕೊಂಡು ತಂದು ನಾನು ಮಾಡಿದೆ ಎಂದು ದೇವರ ಮುಂದೆ ಇಡುವ ಮನುಷ್ಯ ಅವರಲ್ಲ. ನನ್ನ ಕಣ್ಣೆದುರು ಮಾಡಿದ್ದಾರೆ. ಹೆಬ್ಬೆರಳಿನ ಗುರುತು ನೋಡಿದೆ ಎಂದು ನೀನೇ ಬರೆದಿದ್ದೀಯ, ಅದನ್ನೂ ಸಂತೆಯಲ್ಲಿ ಮಾರುತ್ತಾರೇನು?

ನಿನ್ನ ಅಪ್ಪ ಮಣ್ಣಿಗೆ ಕಾಯಲಿಲ್ಲ, ಅವನ ಮಗಳು ಮಾತಿಗೆ ಕಾಯಲಿಲ್ಲ. ನನ್ನ ಎತ್ತು ವಾಪಸು ಕಳಿಸು.

ಗಾಳೆಮ್ಮ


ಸಿದ್ದಾಪುರದ ಹತ್ತಿರ, ನಮ್ಮೂರಿನಿಂದ
6 ಏಪ್ರಿಲ್ 2025

ಅತ್ತೆ,

ಎತ್ತುಗಳನ್ನು ಕಳಿಸುತ್ತೇನೆ, ಅದಕ್ಕೆ ಮೊದಲು ಇದನ್ನು ಓದಿ. ನಿಂತು ಓದಬೇಡಿ, ಕೂತು ಓದಿ. ನಾನು ಕೇಳಿದ್ದು ತಪ್ಪು. ನೀವು ಹೇಳಿದ್ದೇ ಸರಿ. ಎಲ್ಲ ಎತ್ತುಗಳೂ ಮಾವನ ಕೈಯವೇ.

ಯುಗಾದಿಗೆ ಊರಿಗೆ ಬಂದೆ. ಆ ಗುರುತು ಸಿಗದ ಪರಾಗ ತಲೆಯಲ್ಲೇ ಕೊರೆಯುತ್ತಿತ್ತು. ಹೊರಡುವ ಹಿಂದಿನ ದಿನ ಸಂಸ್ಥೆಯಲ್ಲಿದ್ದ ಹಳೆಯ ಮಾದರಿಗಳನ್ನೆಲ್ಲ ಹೋಲಿಸಿದಾಗ ಸಿಕ್ಕಿತ್ತು. ತಪಸಿ ಗಿಡ. ಹಬ್ಬದ ಊಟಕ್ಕೆ ಕೂತಾಗ ಅಪ್ಪನನ್ನು ಸುಮ್ಮನೆ ಕೇಳಿದೆ, ಈ ಕಡೆ ಎಲ್ಲಾದರೂ ತಪಸಿ ಗಿಡ ಇವೆಯೇ ಎಂದು.

ಅಪ್ಪನ ಮುಖ ಅರಳಿತು. "ನಮ್ಮ ಕೆರಿ ದಂಡಿಮ್ಯಾಲೆ ಸಾಲು ಹಿಡದು ಇದ್ದವು. ಗಾಳೆವ್ವ ಅದರ ಬೀಜ ಉಡಿ ತುಂಬ ಆರಿಸಿಕೊಂಡು ಬಂದು ತಿಂತಿದ್ಲು" ಅಂದರು. ನನಗೆ ಬುದ್ಧಿ ಬಂದಾಗಿನಿಂದ ಅಪ್ಪನ ಬಾಯಲ್ಲಿ ನಿಮ್ಮ ಹೆಸರು ಕೇಳಿದ್ದು ಅದೇ ಮೊದಲು. ಕಾಲುವೆಯ ನೀರು ಬಸಿದು ಆ ಕೆರೆ ಎಂದೂ ಒಣಗುತ್ತಿರಲಿಲ್ಲವಂತೆ, ಜಂಬುಹುಲ್ಲು ಆಳೆತ್ತರ ಇರುತ್ತಿತ್ತಂತೆ. ಆಮೇಲೆ ಗಿಡ ಕಡಿದರು, ನಡುವಿನ ಕೆಸರುಗುಂಡಿ ಬಿಟ್ಟು ಕೆರೆಯ ಅಂಗಳ ಭತ್ತದ ಗದ್ದೆಯಾಯಿತು. ನಾನು ಹುಟ್ಟಿದ್ದು ಅದೇ ಹೊತ್ತಿಗೆ, ಹಾಗಾಗಿ ನಾನು ಕಂಡದ್ದು ಗದ್ದೆ ಮಾತ್ರ. ಎತ್ತುಗಳಲ್ಲೂ ಆ ವರ್ಷಗಳಿಂದ ತಪಸಿ ಕಡಿಮೆಯಾಗುತ್ತ ಬಂದು ಇಲ್ಲವಾಗುತ್ತದೆ, ಜಂಬುಹುಲ್ಲು ಮಾತ್ರ 2010ರವರೆಗೂ ಇದೆ.

ನಾನು ನಿಮ್ಮ ಎತ್ತುಗಳ ವಿಷಯ ಹೇಳಿದೆ. ವಿರುಪಣ್ಣ ಮಾವ ಮಾಡಿದ ಎತ್ತಿನ ಹೊಟ್ಟೆಯಲ್ಲಿ ನಮ್ಮೂರ ಕೆರೆಯ ತಪಸಿ ಇದೆ ಅಂದೆ. ಅಪ್ಪ ತಾಟು ಸರಿಸಿ ಎದ್ದು ಹೊರಗೆ ಹೋದರು. ಹೋಳಿಗೆ ಅರ್ಧಕ್ಕೇ ಉಳಿಯಿತು. ಸಂಜೆ ತಾವೇ ನನ್ನ ಹತ್ತಿರ ಬಂದು ಕೂತು ಹೇಳಿದರು:

"ವಿರುಪಣ್ಣ ಬರ್ತಿದ್ದ. ಅಮಾಸಿ ಹಿಂದಿನ ದಿನ. ಕೆರಿಯಾಗ ಇಳದು ಒಂದು ಚೀಲ ಮಣ್ಣು ತುಂಬಿಕೊಂಡು ಹೋಗ್ತಿದ್ದ. ಊರಾಗ ಕಾಲಿಡಲಿಲ್ಲ, ದಂಡಿ ಈಚಿಗಿ ಬರಲಿಲ್ಲ. ನಾ ದಂಡಿಮ್ಯಾಲೆ ನಿಂತು ನೋಡೀನಿ, ಅವನೂ ನನ್ನ ನೋಡ್ಯಾನ. ನಾ ಕರೀಲಿಲ್ಲ."

ಅತ್ತೆ, ಅಜ್ಜ ತೀರಿಕೊಂಡದ್ದು 1988ರ ಮಳೆಗಾಲದಲ್ಲಿ. ನಮ್ಮೂರ ಮಣ್ಣು ಶುರುವಾಗುವುದು 1989ರ ಎತ್ತಿನಲ್ಲಿ. ನಿಮಗೆ ಸಿಗದ ಒಂದು ಹಿಡಿ ಮಣ್ಣನ್ನು ಮಾವ ವರ್ಷವರ್ಷವೂ ಚೀಲದಲ್ಲಿ ಹೊತ್ತು ತಂದಿದ್ದಾರೆ. ನಿಮ್ಮ ಆಣೆಯನ್ನೂ ಮುರಿಯಲಿಲ್ಲ. ಗಂಗಾವತಿಯಲ್ಲಿ ಅವರಿಗಿದ್ದ ಕೆಲಸ ಒಂದೇ, ಸಿದ್ದಾಪುರದ ಬಸ್ಸು ಹಿಡಿಯುವುದು.

2011ರ ಎತ್ತನ್ನು ಕೊನೆಯಲ್ಲಿ ನೋಡಿದೆ. ಅದರಲ್ಲಿ ಮಾತ್ರ ಮತ್ತೆ ತಾವರಗೇರಾದ ಮಣ್ಣು. ಅವರು ನಿಮಗೆ ಬೇಸರ ಮಾಡಿಕೊಳ್ಳಬೇಡ ಅಂದದ್ದು ಯಾಕೆ ಎಂದು ನಾನು ಬರೆಯಬೇಕಾಗಿಲ್ಲ.

ನಿಮ್ಮ ಮಗಳು,
ಅಮೃತಾ


ತಾವರಗೇರಾ
19 ಮೇ 2025

ನನ್ನ ಅವ್ವ ಅಮೃತಾಗೆ,

ಉತ್ತರ ತಡವಾಯಿತು. ಬರೆಯಲು ಕೂತರೆ ಅಕ್ಷರ ಕಾಣುತ್ತಿರಲಿಲ್ಲ. ಗವಿಸಿದ್ದ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಅಂದ. ಕಣ್ಣು ಚೆನ್ನಾಗಿವೆ ಎಂದು ಗದರಿದೆ.

ಹೌದು, ದನಗಳ ಧೂಳು ಏಳುತ್ತಿತ್ತು. ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಹೊತ್ತು ಮುಳುಗುವಾಗ ಕೆರೆಯ ಏರಿಯೇ ಕಾಣುತ್ತಿರಲಿಲ್ಲ. ತಪಸಿ ಬೀಜದ ರುಚಿಯೂ ನೆನಪಿದೆ. ಮೇಲಿನ ಹಾಳೆಯಂಥ ರೆಕ್ಕೆಯನ್ನು ಉಜ್ಜಿ ಊದಿದರೆ ಒಳಗೆ ಎಳ್ಳಿಗಿಂತ ತುಸು ದೊಡ್ಡ ಬೀಜ. ಹಂಪಣ್ಣ ಗಿಡ ಹತ್ತಿ ಅಲ್ಲಾಡಿಸುತ್ತಿದ್ದ, ನಾನು ಕೆಳಗೆ ಉಡಿ ಹಿಡಿಯುತ್ತಿದ್ದೆ. ಅವನು ಅದನ್ನು ಹೇಳಲಿಲ್ಲವೇ? ಹೇಳುವುದಿಲ್ಲ ಬಿಡು.

ಅವರು ನನಗೊಂದು ಮಾತು ಹೇಳಬಹುದಿತ್ತು ಎಂದು ಮೊದಲು ಸಿಟ್ಟೇ ಬಂತು. ಆಮೇಲೆ ಯೋಚಿಸಿದೆ. ಹೇಳಿದ್ದರೆ ನಾನು ಆ ಎತ್ತನ್ನು ಅಂಗಳಕ್ಕೆ ಎಸೆಯುತ್ತಿದ್ದೆ. ನನ್ನ ಸ್ವಭಾವ ನನಗಿಂತ ಅವರಿಗೆ ಗೊತ್ತಿತ್ತು. ಅಷ್ಟು ವರ್ಷ ನಾನು ಆರತಿ ಎತ್ತಿದ್ದು, ಕುಂಕುಮ ಹಚ್ಚಿದ್ದು, ಹೋಳಿಗೆ ಎಡೆ ಹಿಡಿದದ್ದು ನಮ್ಮಪ್ಪನ ಊರಿನ ಮಣ್ಣಿಗೆ. ಗೊತ್ತಿಲ್ಲದೆ ನಮಸ್ಕಾರ ಮಾಡಿದ್ದೇನೆ. ಗೊತ್ತಿದ್ದ ಒಬ್ಬರು ಪಕ್ಕದಲ್ಲಿ ನಿಂತು ಸುಮ್ಮನೆ ನೋಡಿದ್ದಾರೆ.

ಆ ಕೊನೆಯ ವರ್ಷದ ಮಾತಿಗೆ ನಾನು ಉತ್ತರ ಕೊಡಲಿಲ್ಲವಲ್ಲ, ಅದೊಂದು ಎದೆಯಲ್ಲಿ ಕೂತಿದೆ. ಅವರು ಎತ್ತು ಮಾಡಿ ಕೈ ತೊಳೆದ ನೀರು ಆರುವ ಮೊದಲೇ ಎದ್ದು ಹೋಗಿದ್ದೆ.

ಎತ್ತು ನಿನ್ನಲ್ಲೇ ಇರಲಿ, ಓದು ಮುಗಿಸು. 2011ರದನ್ನು ಮಾತ್ರ ಕಳಿಸು. ಹೊಟ್ಟು ತುಂಬಬೇಡ.

ಅತ್ತೆ


ತಾವರಗೇರಾ
27 ಜೂನ್ 2025

ಅಮೃತಾಗೆ ಅತ್ತೆಯ ಆಶೀರ್ವಾದ.

ಮೊನ್ನೆ ಮಣ್ಣೆತ್ತಿನ ಅಮಾವಾಸ್ಯೆ ಆಯಿತು. ಹಿಂದಿನ ದಿನ ಸಂಜೆ ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದು ಸೊಸೆ ಕರೆದಳು. ನಿನ್ನ ಅಪ್ಪ. ಹೆಗಲ ಮೇಲೆ ಗೊಬ್ಬರದ ಚೀಲ, ಧೋತರದ ಅಂಚೆಲ್ಲ ಕೆಸರು. ಆ ಕೆಸರು ನೋಡಿ ನನಗೆ ಒಂದು ಗಳಿಗೆ ಬೇರೆಯವರೇ ಬಂದಂತಾಯಿತು.

ತಲೆಯೆಲ್ಲ ಬೆಳ್ಳಗಾಗಿದೆ ಅವನಿಗೆ. ಚೀಲ ಇಳಿಸದೆ, ಹೊಸ್ತಿಲ ಆಚೆಯೇ ನಿಂತು ಮೆಲ್ಲಗೆ ಏನೇನೋ ಅಂದ. ಬಹಳ ಹೊತ್ತು ಅಂದ. ತುಟಿ ಆಡುವುದು ಮಾತ್ರ ಕಂಡಿತು. ನನ್ನ ಮಂದ ಕಿವಿಗೆ ಒಂದು ಮಾತೂ ಬೀಳಲಿಲ್ಲ. ಇನ್ನೊಮ್ಮೆ ಹೇಳು ಎಂದು ಕೇಳಲೂ ಇಲ್ಲ. "ಹೊರಿ ಇಳಸು ಅಣ್ಣಾ, ಒಳಗ ಬಾ" ಅಂದೆ. ಏನು ಹೇಳಿದ ಎಂದು ಆಮೇಲೆ ಸೊಸೆ ಬರೆದು ತೋರಿಸಲು ಬಂದಳು. ಬೇಡ ಅಂದೆ. ಅಷ್ಟು ದೂರ ಮಣ್ಣು ಹೊತ್ತು ತಂದಿದ್ದಾನೆ, ಅದರ ಮೇಲೆ ಇನ್ನೇನು ಕೇಳುವುದು?

ಬೆಳಿಗ್ಗೆ ಬೇವಿನ ಗಿಡದ ಕೆಳಗೆ ನಾನೇ ಕೂತು ಎತ್ತು ಮಾಡಿದೆ. ಅಣ್ಣ ನೀರು ಹಾಕಿದ. ಇಣಿ ಸರಿಯಾಗಲಿಲ್ಲ, ಎಮ್ಮೆಯ ಹಾಗೆ ಕಾಣುತ್ತಿದೆ ಎಂದು ಗವಿಸಿದ್ದ ನಕ್ಕ. ನಗಲಿ. ನಾನು ಅವನಿಂದ ಇಲ್ಲಿಯ ನಮ್ಮ ಕೆರೆಯ ಮಣ್ಣನ್ನೂ ಒಂದು ಬುಟ್ಟಿ ತರಿಸಿದ್ದೆ. ಎರಡನ್ನೂ ಸೇರಿಸಿ ನಾದಿದ್ದೇನೆ, ಎಲ್ಲಿಯದು ಯಾವುದು ಎಂದು ತಿಳಿಯದ ಹಾಗೆ. ಹೊಟ್ಟೆಯ ಮೇಲೆ ಇಸವಿ ಕೊರೆದು, ನೀನು ಕಳಿಸಿದ 2011ರ ಎತ್ತಿನ ಪಕ್ಕದಲ್ಲಿ ಇಟ್ಟಿದ್ದೇನೆ. ಮುಂದೆ ಎಂದಾದರೂ ನಿನ್ನಂಥವಳೊಬ್ಬಳು ಬಂದು ಅದರ ಹೊಟ್ಟೆ ಬಗೆದು ನೋಡಿದರೆ ತಲೆ ಕೆಡಿಸಿಕೊಳ್ಳಲಿ. ಅವಳ ಸರ್ ಕೂಡ ಕೆಡಿಸಿಕೊಳ್ಳಲಿ.

ಪೂಜೆಯಾದ ಮೇಲೆ ಅಣ್ಣನನ್ನು ಕರೆದುಕೊಂಡು ಹೊಲಕ್ಕೆ ಹೋದೆ. ನಿನ್ನ ಮಾವನನ್ನು ಅಲ್ಲೇ ಬದುವಿನ ಹತ್ತಿರ ಮಣ್ಣು ಮಾಡಿದ್ದೇವೆ. ಚೀಲದಲ್ಲಿ ಉಳಿದಿದ್ದ ತವರೂರ ಮಣ್ಣಿನಲ್ಲಿ ಒಂದು ಹಿಡಿ ಅಣ್ಣ ಹಾಕಿದ, ಒಂದು ಹಿಡಿ ನಾನು ಹಾಕಿದೆ. ಅಣ್ಣ ಸ್ವಲ್ಪ ಆಚೆಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಆಗ ನಾನು ಕೂತು, ಬಾಕಿ ಉಳಿದಿದ್ದ ಉತ್ತರ ಕೊಟ್ಟೆ.

"ಈ ವರ್ಷ ಗಂಗಾವತಿ ಕೆಲಸ ಆತ್ರಿ. ಮಣ್ಣು ಮನಿಗಿ ಬಂದೈತಿ. ನೀವೂ ಬ್ಯಾಸರ ಮಾಡಿಕೋಬ್ಯಾಡ್ರಿ."

ನಿನ್ನ ಅತ್ತೆ,
ಗಾಳೆಮ್ಮ